ಸುಳಿವಿನ ರುಚಿ

ನಿಧಿಯ ಕತೆ ಎಂದರೆ ನಮ್ಮಲ್ಲಿ ಮೊದಲು ಹೆಡೆ ಎತ್ತುವುದು ಹಾವು. ಕೊಪ್ಪರಿಗೆ ತುಂಬ ಚಿನ್ನ, ಅದನ್ನು ಸುತ್ತಿ ಕೂತ ಸರ್ಪ, ಅಮಾವಾಸ್ಯೆಯ ರಾತ್ರಿ, ಅಂಜನ ಹಾಕಿ ನೋಡುವವನು, ಬಲಿ ಕೇಳುವ ಭೂತ. ಅಜ್ಜಿಯರ ಕತೆಗೆ ಇಷ್ಟು ಸಾಮಗ್ರಿ ಸಾಕಾಗಿತ್ತು. ಕಾವಲಿಲ್ಲದ ನಿಧಿ ಎಲ್ಲ ನಾಡಿನ ಕತೆಗಾರರಿಗೂ ಸಪ್ಪೆ ಅನಿಸಿರಬೇಕು. 1937ರಲ್ಲಿ ‘ದಿ ಹಾಬಿಟ್’ ಪ್ರಕಟಿಸಿದ ಟೋಲ್ಕಿನ್ ಕೂಡ ಬೆಟ್ಟದ ಹೊಟ್ಟೆಯೊಳಗಿನ ಚಿನ್ನದ ರಾಶಿಯ ಮೇಲೆ ಬೆಂಕಿಯುಗುಳುವ ಡ್ರ್ಯಾಗನ್ ಒಂದನ್ನು ಮಲಗಿಸಿದ. ಆದರೆ ನಮ್ಮ ಅಜ್ಜಿಕತೆಯ ಚಿನ್ನ ಮೂಕ. ಅದು ಯಾರ ಮನೆಯದು, ಯಾವ ಭಯಕ್ಕೆ ಹೂತರು, ಹೂತವರು ತೆಗೆಯಲು ಯಾಕೆ ಬರಲಿಲ್ಲ ಎಂದು ಕತೆಯಲ್ಲಿ ಯಾರೂ ಕೇಳುವುದಿಲ್ಲ. ನನಗೆ ರುಚಿ ಹತ್ತಿಸಿದ್ದು ಆ ಪ್ರಶ್ನೆಗಳನ್ನು ಕೇಳುವ ಕಾದಂಬರಿಗಳು. ಹಾವಿನ ಜಾಗದಲ್ಲಿ ಅಲ್ಲೊಂದು ಒಗಟು ಕೂತಿರುತ್ತದೆ. ಒಗಟನ್ನು ಬಿಡಿಸದೆ ಮುಂದಕ್ಕೆ ಹೆಜ್ಜೆ ಇಡುವಂತಿಲ್ಲ.

ನಾನಿರುವ ಕಾಮಾಕ್ಷಿಪಾಳ್ಯದಲ್ಲಿ ಪ್ರಾಚೀನ ಎನ್ನುವಂಥದ್ದು ಕಣ್ಣಿಗೆ ಬೀಳುವುದು ಕಡಿಮೆ. ಮಾಗಡಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ಲೇತ್ ಮೆಷಿನ್‌ಗಳ ಗುಯ್‌ಗುಟ್ಟುವಿಕೆ, ಕಟಿಂಗ್ ಆಯಿಲ್‌ನ ವಾಸನೆ, ಬಾಗಿಲ ಬಳಿ ಗುಡ್ಡೆಯಾದ ಕಬ್ಬಿಣದ ಸುರುಳಿ ಚೂರು, ತಳ್ಳುಗಾಡಿಯಲ್ಲಿ ಸಾಗುವ ಹೊಸ ಎರಕದ ಭಾಗಗಳು. ಇಲ್ಲಿ ಎಲ್ಲವೂ ಇವತ್ತು ಬೆಳಗ್ಗೆ ತಯಾರಾದದ್ದು. ಭಾನುವಾರ ಶಟರ್‌ಗಳು ಇಳಿದು ಬೀದಿ ತಣ್ಣಗಾದಾಗ, ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೆಯ ಪುಸ್ತಕ ಹಿಡಿದು ಕೂರುವುದು ನನ್ನ ಪಾಲಿನ ಹಬ್ಬ. ಹೊಸದರ ನಡುವೆ ಕೂತು ಹಳೆಯದನ್ನು ಅಗೆಯುವ ಕತೆ ಓದಿದರೆ ಅದರ ಸೊಗಸು ಇಮ್ಮಡಿಯಾಗುತ್ತದೆ.

ಕನ್ನಡದಲ್ಲಿ ಈ ರುಚಿಯನ್ನು ನನಗೆ ಮೊದಲು ಹತ್ತಿಸಿದವರು ಪೂರ್ಣಚಂದ್ರ ತೇಜಸ್ವಿ. 1980ರ ‘ಕರ್ವಾಲೊ’ದಲ್ಲಿ ಹುಡುಕಾಟ ನಡೆಯುವುದು ಒಂದು ಹಾರುವ ಓತಿಗಾಗಿ. ಕಾಲದ ಹೊಡೆತವನ್ನೆಲ್ಲ ತಪ್ಪಿಸಿಕೊಂಡು ಮಲೆನಾಡಿನ ಕಾಡಲ್ಲಿ ಉಳಿದುಕೊಂಡ ಜೀವಿ ಅದು. ಭೂಮಿಯ ಹಳೆಯ ಪುಟವೊಂದು ಉಸಿರಾಡುತ್ತಾ ಮರದ ಮೇಲೆ ಕೂತಿದೆ ಎಂಬ ಆ ಕಲ್ಪನೆಯ ಮುಂದೆ ಯಾವ ಕೊಪ್ಪರಿಗೆಯ ಚಿನ್ನ ನಿಂತೀತು? ಹುಡುಕಲು ಹೊರಟ ತಂಡದಲ್ಲಿ ವಿಜ್ಞಾನಿ ಇದ್ದಾನೆ, ಜೇನು ಹಿಡಿಯುವ ಮಂದಣ್ಣ ಇದ್ದಾನೆ, ಕಿವಿ ಎಂಬ ನಾಯಿಯೂ ಇದೆ. ಮುಂದೆ ‘ಜುಗಾರಿ ಕ್ರಾಸ್’ನಲ್ಲಿ ಅವರು ಏಲಕ್ಕಿ ಬೆಳೆಗಾರ ದಂಪತಿಗಳಾದ ಸುರೇಶ, ಗೌರಿಯರನ್ನು ಒಂದು ದಿನದ ಅವಧಿಯಲ್ಲಿ ರತ್ನದ ಜಾಡಿಗೆ ತಂದು ಬಿಟ್ಟರು. ಅಲ್ಲಿ ಜಾಡು ಇರುವುದು ಹಳಗನ್ನಡ ಕಾವ್ಯದೊಳಗೆ. ಹಳಗನ್ನಡ ಅಂದರೆ ಪರೀಕ್ಷೆಗೆ ಓದುವ ಪಾಠ ಎಂದುಕೊಂಡಿದ್ದ ಹುಡುಗರಿಗೆ, ಒಂದು ಪದ್ಯವನ್ನು ಸರಿಯಾಗಿ ಅನ್ವಯಿಸಲು ಬಂದರೆ ಕಾಡಿನ ದಾರಿ ತೆರೆಯಬಹುದು ಎಂದು ತೋರಿಸಿದ್ದು ದೊಡ್ಡ ಉಪಕಾರ.

ಆ ಜಾಡನ್ನು ಹೆದ್ದಾರಿ ಮಾಡಿದವರು ಕೆ.ಎನ್. ಗಣೇಶಯ್ಯ. ವೃತ್ತಿಯಿಂದ ಕೃಷಿ ವಿಜ್ಞಾನಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಅವರ ಕತೆಗಳಲ್ಲಿ ಅಡಿಟಿಪ್ಪಣಿ, ಫೋಟೊ, ಆಧಾರಗಳ ಪಟ್ಟಿ ಎಲ್ಲ ಇರುತ್ತವೆ. ಓದುವವನ ಒಂದು ಕಣ್ಣು ಕತೆಯ ಮೇಲೆ, ಇನ್ನೊಂದು ಕಣ್ಣು ಪುಟದ ಕೆಳಗೆ. ‘ಕನಕ ಮುಸುಕು’ ಕಾದಂಬರಿಯ ಬೆನ್ನಿಗೆ ನಿಜವಾದ ಒಂದು ಜಗಳವಿದೆ. ಸೋಮನಾಥಪುರದ ಹೊಯ್ಸಳ ದೇವಾಲಯ 13ನೆಯ ಶತಮಾನದ್ದು. ಅಲ್ಲಿಯ ಕೆಲವು ಮೂರ್ತಿಗಳ ಕೈಯಲ್ಲಿ ಸಾಲುಸಾಲು ಕಾಳಿನ ತೆನೆಯಂಥದ್ದೊಂದಿದೆ, ಥೇಟ್ ಮುಸುಕಿನ ಜೋಳ. ಆದರೆ ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ. ಕೊಲಂಬಸ್ ಆ ಕಡೆಗೆ ಹಡಗು ತಿರುಗಿಸಿದ್ದೇ 1492ರಲ್ಲಿ. ಹಾಗಿದ್ದರೆ ಹೊಯ್ಸಳ ಶಿಲ್ಪಿಗೆ ಅದು ಕಂಡದ್ದು ಎಲ್ಲಿ? ಅಮೆರಿಕದ ಭೂಗೋಳ ವಿದ್ವಾಂಸ ಕಾರ್ಲ್ ಯೋಹಾನೆಸೆನ್ 1989ರಲ್ಲಿ ಅದು ಜೋಳವೇ ಎಂದು ಪ್ರಬಂಧ ಪ್ರಕಟಿಸಿದರು. ಭಾರತದ ಜೋಳ ತಜ್ಞರು, ಅದು ಜೋಳವಲ್ಲ, ಮುತ್ತುಗಳಿಂದ ಕಲ್ಪಿಸಿದ ಮುಕ್ತಾಫಲ ಎಂದು ಮರುನುಡಿದರು. ಸೋಮನಾಥಪುರಕ್ಕೆ ಪ್ರವಾಸ ಹೋಗಿ, ಇಡ್ಲಿ ತಿಂದು, ಫೋಟೊ ತೆಗೆಸಿಕೊಂಡು ಬರುತ್ತಿದ್ದ ನಮ್ಮಂಥವರನ್ನು ಒಂದು ಕಾದಂಬರಿ ಆ ಮೂರ್ತಿಗಳ ಕೈಯನ್ನು ಬಗ್ಗಿ ನೋಡುವಂತೆ ಮಾಡಿತು.

ಗಣೇಶಯ್ಯನವರದೇ ಇನ್ನೊಂದು ಕಾದಂಬರಿ ‘ಕರಿಸಿರಿಯಾನ’ದ ಬೇರು ಇನ್ನೂ ಆಳ. 1565ರ ಜನವರಿಯಲ್ಲಿ ವಿಜಯನಗರದ ರಾಮರಾಯ ಯುದ್ಧಭೂಮಿಯಲ್ಲಿ ಬಿದ್ದ ಸುದ್ದಿ ಬಂದ ಕೂಡಲೇ ಅವನ ತಮ್ಮ ತಿರುಮಲ 550 ಆನೆಗಳ ಮೇಲೆ ಚಿನ್ನ, ವಜ್ರ, ರತ್ನ ಹೇರಿಕೊಂಡು ರಾಜಧಾನಿ ಬಿಟ್ಟ ಎಂದು ರಾಬರ್ಟ್ ಸಿವೆಲ್ 1900ರಲ್ಲಿ ಹೊರತಂದ ತನ್ನ ವಿಜಯನಗರದ ಇತಿಹಾಸದಲ್ಲಿ ಬರೆದಿದ್ದಾನೆ. ಆನೆಗಳ ಆ ಸಾಲು ಪೆನುಗೊಂಡೆಯ ದಿಕ್ಕಿಗೆ ನಡೆಯುವುದನ್ನು ಒಮ್ಮೆ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಿ. ಅಷ್ಟು ಭಾರದ ಸಂಪತ್ತು ಎಲ್ಲಿ ಇಳಿಯಿತು ಎಂಬ ಪ್ರಶ್ನೆ ಹಿಡಿದು ಹೊರಡಲು ಯಾವ ಕಾದಂಬರಿಕಾರನಿಗೆ ಕಾಲು ತುರಿಸುವುದಿಲ್ಲ?

ಹಂಪಿ ಬಿಟ್ಟುಕೊಟ್ಟ ಸಂಪತ್ತೇ ಬೇರೆ. 1980ರ ದಶಕದಲ್ಲಿ ಮಹಾನವಮಿ ದಿಬ್ಬದ ಬಳಿ ಅಗೆದಾಗ ಮಣ್ಣಿನೊಳಗಿಂದ ಒಂದು ಮೆಟ್ಟಿಲ ಪುಷ್ಕರಿಣಿ ಎದ್ದು ಬಂತು. ಕಪ್ಪು ಕಲ್ಲಿನ ಅಚ್ಚುಕಟ್ಟು ಮೆಟ್ಟಿಲುಗಳ ಮೇಲೆ, ಯಾವ ದಿಕ್ಕು, ಯಾವ ಸಾಲು, ಎಷ್ಟನೆಯ ಕಲ್ಲು ಎಂದು ಸೂಚಿಸುವ ಗುರುತುಗಳಿವೆ. ಅದೂ ಕನ್ನಡ ಅಕ್ಷರಗಳಲ್ಲಿ. ಮೆಷಿನ್ ಬಿಚ್ಚುವ ಮುನ್ನ ನಮ್ಮ ಬೀದಿಯ ಫಿಟ್ಟರ್ ಒಂದೊಂದು ಭಾಗಕ್ಕೂ ಪಂಚ್ ಹೊಡೆದು ನಂಬರ್ ಹಾಕುತ್ತಾನಲ್ಲ, ಹಾಗೆಯೇ. ಕಲ್ಲನ್ನು ಒಂದು ಕಡೆ ಕಡೆದು, ಗುರುತು ಹಾಕಿ, ಇನ್ನೊಂದು ಕಡೆ ತಂದು ಜೋಡಿಸಿದ ಕುಶಲಿಗಳ ಕೈಬರಹ ಅದು. ಅರಮನೆಯ ಆವರಣದಲ್ಲಿ ರಾಜನ ಹೆಸರನ್ನು ನೂರು ಶಾಸನ ಹೇಳುತ್ತವೆ. ಕಲ್ಲುಕುಟಿಗ ಕೆಲಸದ ನಡುವೆ ತನಗಾಗಿ ಕೆತ್ತಿಕೊಂಡ ಗುರುತನ್ನು ಓದುವಾಗ ಸಿಗುವ ಪುಳಕವನ್ನು ಆ 550 ಆನೆಗಳೂ ಹೊತ್ತು ತರಲಾರವು.

ವಿಜ್ಞಾನ ಕಾದಂಬರಿಗಳು ಇದೇ ಪುಳಕವನ್ನು ಆಕಾಶಕ್ಕೆ ಒಯ್ದವು. ಆರ್ಥರ್ ಕ್ಲಾರ್ಕ್‌ನ 1973ರ ‘ರಾಂದೆವೂ ವಿತ್ ರಾಮ’ದಲ್ಲಿ ಸೌರಮಂಡಲಕ್ಕೆ ನುಗ್ಗಿ ಬಂದ ಬೃಹತ್ ನೌಕೆಯೊಂದರ ಒಳಗೆ ಮನುಷ್ಯರು ದೀಪ ಹಿಡಿದು ಅಲೆಯುತ್ತಾರೆ, ಕಟ್ಟಿದವರು ಯಾರೆಂದು ತಿಳಿಯದೆ ಹೊರಬರುತ್ತಾರೆ. ನನಗೆ ಅದಕ್ಕಿಂತ ಆಪ್ತವಾದದ್ದು ಎಚ್. ಬೀಮ್ ಪೈಪರ್ 1957ರಲ್ಲಿ ಬರೆದ ‘ಆಮ್ನಿಲಿಂಗ್ವಲ್’ ಎಂಬ ನೀಳ್ಗತೆ. ಮಂಗಳ ಗ್ರಹದಲ್ಲಿ ಸತ್ತುಹೋದ ನಾಗರಿಕತೆಯ ನಗರವೊಂದನ್ನು ಅಗೆಯುತ್ತಿದ್ದಾರೆ. ಪುಸ್ತಕಗಳು ರಾಶಿ ರಾಶಿ ಇವೆ, ಓದುವವರಿಲ್ಲ. ಗೊತ್ತಿರುವ ಭಾಷೆಯೊಂದು ಪಕ್ಕದಲ್ಲಿ ಇದ್ದರೆ ತಾನೆ ಗೊತ್ತಿಲ್ಲದ್ದನ್ನು ಬಿಡಿಸುವುದು? ಮಾರ್ತಾ ಡೇನ್ ಎಂಬ ಪುರಾತತ್ವಜ್ಞೆ ಹಟ ಬಿಡುವುದಿಲ್ಲ. ಕೊನೆಗೆ ಅವಳಿಗೆ ಕೀಲಿ ಸಿಗುವುದು ಹಾಳುಬಿದ್ದ ವಿಶ್ವವಿದ್ಯಾಲಯದ ಗೋಡೆಯ ಮೇಲೆ, ಮೂಲಧಾತುಗಳ ಕೋಷ್ಟಕದ ರೂಪದಲ್ಲಿ. ಜಲಜನಕ ಎಲ್ಲಿದ್ದರೂ ಜಲಜನಕವೇ. ಇಡೀ ಕತೆಯಲ್ಲಿ ಒಂದು ಗುಂಜಿ ಚಿನ್ನವಿಲ್ಲ. ಆದರೂ ಆ ಗೋಡೆಯ ಮುಂದೆ ಅವಳು ನಿಂತ ಗಳಿಗೆಗೆ ಎದೆ ಹೊಡೆದುಕೊಳ್ಳುತ್ತದೆ.

ಅಂಥದ್ದೇ ಗಳಿಗೆ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ನಿಜವಾಗಿ ನಡೆಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿದ ಮೇಲೆ ಬಂಡೆ ಬಂಡೆಯಲ್ಲೂ ಸಿಗುತ್ತಿದ್ದುದು ‘ದೇವಾನಾಂಪ್ರಿಯ’ ಎಂಬ ಬಿರುದು. ಅದು ಅಶೋಕನದೇ ಎಂದು ಸಿಂಹಳದ ಗ್ರಂಥಗಳ ನೆರವಿನಿಂದ ವಿದ್ವಾಂಸರು ಊಹಿಸಿದ್ದರು, ಬಂಡೆಗಳು ಮಾತ್ರ ಬಾಯಿಬಿಟ್ಟು ಹೇಳಿರಲಿಲ್ಲ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಒಂದು ಬಂಡೆ ಶಾಸನ ಕಂಡ. ಅಲ್ಲಿ ಬಿರುದಿನ ಜೊತೆಗೆ ಹೆಸರೂ ಇತ್ತು: ಅಶೋಕ. ಹಟ್ಟಿಯ ಚಿನ್ನದ ಸೀಮೆಯಲ್ಲಿ ಹಳದಿ ಲೋಹ ಅರಸುವ ಕಸುಬಿನವನಿಗೆ ಭಾರತದ ಚರಿತ್ರೆಯ ಅತಿ ದೊಡ್ಡ ಹೆಸರು ಸಿಕ್ಕಿತು. ಇದನ್ನು ಯಾವ ಕಾದಂಬರಿಕಾರನಾದರೂ ಕಟ್ಟಿ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಚಿನ್ನಕ್ಕಿಂತ ಮಡಕೆ ಚೂರು ಹೆಚ್ಚು ಮಾತಾಡುತ್ತದೆ ಎಂಬುದಕ್ಕೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಸಾಕ್ಷಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಪದರ ಪದರವಾಗಿ ಅಗೆಸಿದ. ಕೆಳಗೆ ಕಲ್ಲುಗೊಡಲಿಯ ಕಾಲ, ಅದರ ಮೇಲೆ ಕಬ್ಬಿಣದ, ಬೃಹತ್ ಶಿಲಾಸಮಾಧಿಗಳ ಕಾಲ, ಅದಕ್ಕೂ ಮೇಲೆ ಸಾತವಾಹನರ ಕಾಲದ ಬದುಕು. ಮೇಲಿನ ಪದರದಲ್ಲಿ ಸಿಕ್ಕ ಗೀರುವೃತ್ತದ ಮಡಕೆ ಚೂರುಗಳು ಅವನಿಗೆ ಗುರುತಿದ್ದವೇ. ಎರಡು ವರ್ಷದ ಹಿಂದೆ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಅಂಥವೇ ಚೂರುಗಳು ರೋಮಿನಿಂದ ಬಂದ ಪಾತ್ರೆಗಳ ಜೊತೆ ಸಿಕ್ಕಿದ್ದವು. ರೋಮಿನ ಪಾತ್ರೆಗಳ ಕಾಲ ಗೊತ್ತಿತ್ತು. ಅದರಿಂದ ಅರಿಕಮೇಡುವಿನ ಕಾಲ, ಅದರಿಂದ ಬ್ರಹ್ಮಗಿರಿ ಇರುವ ಮೊಳಕಾಲ್ಮೂರು ಸೀಮೆಯ ಕಾಲ. ಒಡೆದ ಚೂರೊಂದು ಬಯಲುಸೀಮೆಯ ಹಳ್ಳಿಯನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಗಂಟು ಹಾಕಿತು.

ನಮ್ಮ ಮಗ್ಗುಲಲ್ಲೂ ಅಂಥ ಗಂಟು ಬಿಚ್ಚಿದೆ. ಕಾಮಾಕ್ಷಿಪಾಳ್ಯದಿಂದ ಉತ್ತರಕ್ಕೆ ಸ್ವಲ್ಪ ದೂರದ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಸಂಚಯ ಸಿಕ್ಕಿತು. ಆಗಸ್ಟಸ್, ಟೈಬೀರಿಯಸ್‌ನಂಥ ಚಕ್ರವರ್ತಿಗಳ ಮುಖಗಳು ನಮ್ಮ ಕೆಂಪುಮಣ್ಣಿನಲ್ಲಿ! ಬಿಡಿಬಿಡಿಯಾಗಿ ನೋಡಿದರೆ ಅವು ಬೆಳ್ಳಿ ತುಂಡುಗಳು. ಒಟ್ಟಿಗೆ ಇದ್ದುದರಿಂದ, ಅವುಗಳಲ್ಲಿ ತೀರಾ ಈಚಿನದು ಯಾವುದೆಂದು ನೋಡಿ, ಆ ನಾಣ್ಯ ಟಂಕಿಸಿದ ಮೇಲೆಯೇ ಗಂಟನ್ನು ಹೂತಿದ್ದಾರೆ ಎಂದು ಲೆಕ್ಕ ಹಾಕಬಹುದು. ನಾಲ್ಕು ಜನ ಹಂಚಿಕೊಂಡು ಅಕ್ಕಸಾಲಿಗನ ಕುಲುಮೆಗೆ ಹಾಕಿದ್ದರೆ ಆ ಲೆಕ್ಕವೂ ಕರಗುತ್ತಿತ್ತು. ಬ್ರಿಟಿಷರ ಕಾಲದ 1878ರ ನಿಧಿ ಕಾಯಿದೆ, 10 ರೂಪಾಯಿಗೆ ಮೀರಿದ್ದು ನೆಲದಲ್ಲಿ ಸಿಕ್ಕರೆ ಏನು ಸಿಕ್ಕಿತೆಂಬುದರ ಜೊತೆಗೆ ಎಲ್ಲಿ ಸಿಕ್ಕಿತು, ಎಂದು ಸಿಕ್ಕಿತು ಎಂಬುದನ್ನೂ ಕಲೆಕ್ಟರಿಗೆ ತಿಳಿಸಬೇಕು ಎಂದಿತ್ತು. ಕರ್ನಾಟಕಕ್ಕೆ ತನ್ನದೇ ಆದ 1962ರ ಕಾಯಿದೆ ಇದೆ. ಎಲ್ಲಿ ಎಂಬ ಆ ಒಂದು ಪ್ರಶ್ನೆಯಲ್ಲಿ ಪುರಾತತ್ವದ ಜೀವವಿದೆ. ಇದ್ದ ಜಾಗದಿಂದ ಕಿತ್ತ ವಸ್ತುವಿಗೆ ಬೆಲೆ ಉಳಿಯುತ್ತದೆ, ನೆನಪು ಉಳಿಯುವುದಿಲ್ಲ.

ಇದು ತಿಳಿಯದ ಕೈಗಳು ಮಾಡುವ ಹಾನಿ ಕಂಡು ಹೊಟ್ಟೆ ಉರಿಯುತ್ತದೆ. ನಿಧಿಗಳ್ಳರು ವೀರಗಲ್ಲು ಕೀಳುತ್ತಾರೆ, ನಂದಿಯ ಎದೆ ಸೀಳುತ್ತಾರೆ, ಗರ್ಭಗುಡಿಯ ನೆಲ ಬಗೆಯುತ್ತಾರೆ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನ ಗಡ್ಡೆಯಲ್ಲಿ ವ್ಯಾಸರಾಜರ ವೃಂದಾವನವನ್ನೇ ಒಡೆದು ಹಾಕಿದರು. ಪುರಂದರದಾಸರಿಗೂ ಕನಕದಾಸರಿಗೂ ಗುರುವಾಗಿದ್ದವರ ಸಮಾಧಿ ಅದು. ಭಕ್ತರು, ಮಠಗಳವರು ಓಡಿಬಂದು ಕೆಲವೇ ದಿನದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದರು. ಸ್ಟ್ರುಗಾಟ್ಸ್ಕಿ ಸೋದರರ 1972ರ ‘ರೋಡ್‌ಸೈಡ್ ಪಿಕ್ನಿಕ್’ ಓದಿದವರಿಗೆ ಈ ಜನ ಅಪರಿಚಿತರಲ್ಲ. ಅನ್ಯಲೋಕದವರು ಬಿಟ್ಟುಹೋದ ವಸ್ತುಗಳನ್ನು ನಿಷೇಧಿತ ವಲಯದಿಂದ ರಾತ್ರಿ ಕದ್ದು ತಂದು ಮಾರುವ ಕಸುಬು ಅಲ್ಲಿಯದು. ಅವು ಏನು, ಯಾತಕ್ಕೆ ಎಂಬುದು ಕೊಳ್ಳುವವನಿಗೂ ತಿಳಿಯದು, ಮಾರುವವನಿಗೂ ತಿಳಿಯದು.

ನಿಧಿಯ ಕಾದಂಬರಿಗಳು ಜನರ ಆಸೆ ಕೆರಳಿಸುತ್ತವೆ ಎಂಬ ದೂರು ಕೇಳಿದ್ದೇನೆ. ನನ್ನ ಓದಿನ ಅನುಭವ ಇದಕ್ಕೆ ತದ್ವಿರುದ್ಧ. ಒಳ್ಳೆಯ ಕಾದಂಬರಿ ಗುದ್ದಲಿಯನ್ನು ಕೊನೆಯ ಅಧ್ಯಾಯಕ್ಕೆ ತಳ್ಳಿ, ಅಲ್ಲಿಯವರೆಗೆ ನಮ್ಮ ಕೈಗೆ ಭೂತಗನ್ನಡಿ ಕೊಡುತ್ತದೆ. ಶಾಸನದ ಒಂದು ಸಾಲು, ಶಿಲ್ಪದ ಒಂದು ಬೆರಳು, ಕಾವ್ಯದ ಒಂದು ಪದ, ಹೀಗೆ ಒಂದೊಂದರ ಮುಂದೆ ತಡೆದು ನಿಲ್ಲಿಸುತ್ತದೆ. ಹಾಗೆ ಮುನ್ನೂರು ಪುಟ ತಡೆದು ತಡೆದು ನಡೆದವನಿಗೆ ಪೆಟ್ಟಿಗೆ ತೆರೆಯುವ ಹೊತ್ತಿಗೆ ಚಿನ್ನದ ಮೇಲಿನ ಕಣ್ಣು ಹೋಗಿ, ಅದನ್ನಿಟ್ಟವರ ಮೇಲೆ ಅಕ್ಕರೆ ಹುಟ್ಟಿರುತ್ತದೆ.

ಆ ಅಕ್ಕರೆಗೆ ನಮ್ಮ ಊರಲ್ಲೇ ಕೆಲಸವಿದೆ. 2018ರಲ್ಲಿ ಹೆಬ್ಬಾಳದಲ್ಲಿ ಕಿತ್ತಯ್ಯನ ವೀರಗಲ್ಲು ಆಸಕ್ತರ ಕಣ್ಣಿಗೆ ಬಿತ್ತು, ಸುಮಾರು ಕ್ರಿ.ಶ. 750ರದ್ದು. ಊರಿಗಾಗಿ ಸತ್ತ ಆ ವೀರನ ಕಲ್ಲಿಗೆ ಈಗ ಮಂಟಪವಿದೆ. ಬೆಂಗಳೂರಿನ ಶಾಸನಗಳನ್ನು ಹುಡುಕಿ, ತೊಳೆದು, ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವ ಉತ್ಸಾಹಿಗಳೂ ಇದ್ದಾರೆ. ಇನ್ನು ನಮ್ಮ ಮಾಗಡಿ ರಸ್ತೆಯ ಸರದಿ. ಹೊಸಹಳ್ಳಿಯಿಂದ ಕಾಮಾಕ್ಷಿಪಾಳ್ಯದ ಮೇಲೆ ಕಡಬಗೆರೆಗೆ ಸಾಗುವ ಮೆಟ್ರೊ ಮಾರ್ಗಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಕೆಂಪೇಗೌಡರ ಮಾಗಡಿಯ ದಿಕ್ಕಿಗೆ ಸಾಗುವ ಈ ದಾರಿಯ ಉದ್ದಕ್ಕೂ ಕಂಬಕ್ಕೊಂದು ಗುಂಡಿ ತೋಡಬೇಕು. ಜೆಸಿಬಿ ಎತ್ತಿ ಹಾಕಿದ ಮಣ್ಣಿನಲ್ಲಿ ಗೆರೆಯುಳ್ಳ ಕಲ್ಲೋ ಬಣ್ಣದ ಮಡಕೆ ಚೂರೋ ಕಂಡರೆ, ಅದನ್ನು ಲಾರಿಗೆ ತುಂಬುವ ಮುಂಚೆ ಯಾರಾದರೂ ತಡೆದು ನೋಡಬೇಕು. ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿ ಎಂದು ಗುರುತು ಹಾಕಿಕೊಂಡು ಪುರಾತತ್ವ ಇಲಾಖೆಗೆ ತಿಳಿಸಬೇಕು. ಹಾಗೆ ಕೈ ಅಡ್ಡ ಹಿಡಿಯುವವರು ತೇಜಸ್ವಿಯನ್ನೋ ಗಣೇಶಯ್ಯನವರನ್ನೋ ಓದಿ ಬೆಳೆದ ನಮ್ಮ ಬೀದಿಯ ಮಕ್ಕಳೇ ಆಗಿರಲಿ ಎಂಬುದು ನನ್ನ ಆಸೆ. ಅದಕ್ಕಾಗಿ ಈ ಪುಸ್ತಕಗಳನ್ನು ಅವರ ಕೈಗೆ ಈಗಲೇ ಕೊಡೋಣ.