ಕೊಲಾಬಾಗೆ ಸಿಕ್ಕ ಸೌರ ಬಿರುಗಾಳಿ

1859ರ ಸೆಪ್ಟೆಂಬರ್ 1, ಗುರುವಾರ. ಲಂಡನ್ನಿಗೆ ದಕ್ಷಿಣದ ರೆಡ್‌ಹಿಲ್‌ನಲ್ಲಿ, ಖಗೋಳವೀಕ್ಷಕ ರಿಚರ್ಡ್ ಕ್ಯಾರಿಂಗ್ಟನ್ ತಮಗಾಗಿಯೇ ಕಟ್ಟಿಸಿಕೊಂಡ ವೀಕ್ಷಣಾಲಯದೊಳಗೆ ನೀವಿದ್ದೀರಿ. ದೂರದರ್ಶಕದಿಂದ ಹಾದುಬಂದ ಬಿಸಿಲು ಬಣ್ಣ ಬಳಿದ ಗಾಜಿನ ಮೇಲೆ ಸುಮಾರು 11 ಅಂಗುಲದ ಸೂರ್ಯಬಿಂಬವಾಗಿ ನಿಂತಿದೆ. ಅದರಲ್ಲಿನ ದೊಡ್ಡ ಸೌರಕಲೆಗಳ ಗುಂಪನ್ನು ಕ್ಯಾರಿಂಗ್ಟನ್ ಚಿತ್ರಿಸುತ್ತಿದ್ದಾರೆ. ಬೆಳಿಗ್ಗೆ 11 ಗಂಟೆ 18 ನಿಮಿಷ. ಕಲೆಗಳ ನಡುವೆ ಎರಡು ಕಡೆ ಕಣ್ಣು ಕೋರೈಸುವ ಬಿಳಿ ಬೆಳಕು ಚಿಮ್ಮುತ್ತದೆ. ಬಿಂಬಕ್ಕೆ ನೆರಳು ಕೊಡುವ ಪರದೆಯಲ್ಲಿ ತೂತು ಬಿದ್ದಿದೆಯೇನೋ ಎಂದು ಅವರು ಬಿಂಬವನ್ನು ಸರಿಸಿ ನೋಡುತ್ತಾರೆ. ಬೆಳಕು ಕಲೆಗಳ ಜೊತೆಗೇ ಸರಿಯುತ್ತದೆ. ಅದು ಸೂರ್ಯನದೇ! ಸಾಕ್ಷಿಗೆ ಯಾರನ್ನಾದರೂ ಕರೆತರಲು ಓಡುತ್ತಾರೆ. ಒಂದು ನಿಮಿಷದೊಳಗೆ ಮರಳಿದರೆ ಆಗಲೇ ಮಂಕಾಗಿದೆ. 11:23ರ ಹೊತ್ತಿಗೆ ಏನೂ ಉಳಿದಿಲ್ಲ.

ಆರಿದ್ದು ಬೆಳಕು ಮಾತ್ರ. ಸೂರ್ಯ ಉಗುಳಿದ ಪ್ಲಾಸ್ಮಾ ತನ್ನ ಕಾಂತಕ್ಷೇತ್ರವನ್ನೂ ಹೊತ್ತುಕೊಂಡು ಭೂಮಿಯ ಕಡೆಗೆ ಹೊರಟಿದೆ. ಇಂಥ ಮೋಡಕ್ಕೆ ಈ 15 ಕೋಟಿ ಕಿಲೋಮೀಟರು ಸಾಮಾನ್ಯವಾಗಿ ಎರಡು ಮೂರು ದಿನದ ದಾರಿ. ಇದಕ್ಕೆ ಹದಿನೇಳೂವರೆ ಗಂಟೆ ಸಾಕಾಯಿತು.

ಮರುದಿನ ಹಗಲು ಬೊಂಬಾಯಿಯ ಕೊಲಾಬಾ ವೀಕ್ಷಣಾಲಯಕ್ಕೆ ಬನ್ನಿ. ತೂಗುಬಿಟ್ಟ ಅಯಸ್ಕಾಂತದ ಬಳಿ ಕಬ್ಬಿಣದ ಚೂರೂ ಸುಳಿಯುವಂತಿಲ್ಲ. ವೀಕ್ಷಕರು ದೂರ ಕೂತು, ಅಯಸ್ಕಾಂತದ ಅಲುಗಾಟ ತೋರುವ ಅಳತೆಪಟ್ಟಿಯನ್ನು ಪುಟ್ಟ ದುರ್ಬೀನಿನಲ್ಲಿ ನೋಡಿ ಅಂಕಿ ಬರೆದುಕೊಳ್ಳುತ್ತಾರೆ. ಇವತ್ತು ಪಟ್ಟಿ ನಿಲ್ಲುತ್ತಿಲ್ಲ. ಗಂಟೆಗೊಮ್ಮೆ ಓದಿದರೆ ಸಾಲದು, ಕೆಲವೇ ನಿಮಿಷಕ್ಕೊಮ್ಮೆ ಓದಬೇಕು. ಭೂಕಾಂತದ ಬಲ ಕುಸಿಯುತ್ತಲೇ ಹೋಗಿ, ಕೊನೆಗೆ ಸುಮಾರು 1,600 ನ್ಯಾನೊಟೆಸ್ಲಾ ಇಳಿಯುತ್ತದೆ. ಅಲ್ಲಿನ ಬಲದಲ್ಲಿ ನೂರಕ್ಕೆ ನಾಲ್ಕರಷ್ಟು ಹೋಯಿತು. ಹೊರಗೆ ಎಂದಿನ ಹಗಲು; ಬೀದಿಯಲ್ಲಿ ಹೋಗುವವರಿಗೆ ಗೊತ್ತಾಗುವಂಥದ್ದು ಒಂದೂ ಇಲ್ಲ.

ಅದೇ ಹೊತ್ತಿಗೆ ಅಮೆರಿಕದಲ್ಲಿ ನಡುರಾತ್ರಿ. ರಾಕಿ ಪರ್ವತಗಳಲ್ಲಿ ಮಲಗಿದ್ದವರು ಈ ಬಿರುಗಾಳಿ ಹೊತ್ತಿಸಿದ ಧ್ರುವಪ್ರಭೆಯ ಬೆಳಕಿಗೆ ಎದ್ದು, ಬೆಳಗಾಯಿತೆಂದು ತಿಂಡಿಗೆ ಒಲೆ ಹಚ್ಚುತ್ತಾರೆ. ಬೆಳಿಗ್ಗೆ ಬಾಸ್ಟನ್ನಿನ ತಂತಿ ಕಚೇರಿಯಲ್ಲಿ ಇನ್ನೊಂದು ಸೋಜಿಗ. ಭೂಕಾಂತ ತುಯ್ದಾಡಿದಾಗ ಉದ್ದನೆಯ ತಂತಿಗಳಲ್ಲಿ ತಾನಾಗಿ ವಿದ್ಯುತ್ ಹರಿಯುತ್ತದೆ. ಬಾಸ್ಟನ್ನಿನವರೂ ಪೋರ್ಟ್‌ಲ್ಯಾಂಡಿನವರೂ ಬ್ಯಾಟರಿ ಕಳಚಿಟ್ಟು, ಆ ವಿದ್ಯುತ್ತಿನಲ್ಲೇ ಸುಮಾರು ಎರಡು ಗಂಟೆ ಸಂದೇಶ ಕಳಿಸುತ್ತಾರೆ. ಆಗ ಇದ್ದ ತಂತಿಗಳೇ ಕಡಿಮೆ. 1989ರ ಮಾರ್ಚ್ 13ರಂದು ಇದಕ್ಕಿಂತ ಸಣ್ಣ ಸೌರ ಬಿರುಗಾಳಿಯೊಂದು ಕೆನಡಾದ ಕ್ವಿಬೆಕ್‌ನ ವಿದ್ಯುತ್ ಜಾಲವನ್ನು ಒಂದೂವರೆ ನಿಮಿಷದಲ್ಲಿ ಕೆಡವಿತು. 60 ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿದ್ದರು.

ನನಗೆ ಈ ಕಥೆಯಲ್ಲಿ ಕ್ಯಾರಿಂಗ್ಟನ್ನರಷ್ಟೇ ದೊಡ್ಡವರು ಕೊಲಾಬಾದಲ್ಲಿ ಕೂತು ಅಂಕಿ ಬರೆದವರು. ಲಂಡನ್ನಿನ ಕ್ಯೂ ಮತ್ತು ಗ್ರೀನಿಚ್‌ಗಳಲ್ಲಿ ಫೋಟೊ ಕಾಗದದ ಮೇಲೆ ತಾನೇ ಬರೆದುಕೊಳ್ಳುವ ಹೊಸ ಯಂತ್ರಗಳಿದ್ದವು. ಬಿರುಗಾಳಿ ಜೋರಾದಾಗ ಗೆರೆ ಕಾಗದದ ಆಚೆ ಹೋಗಿಬಿಟ್ಟಿತು. ಕಣ್ಣಲ್ಲಿ ನೋಡಿ ಕೈಯಲ್ಲಿ ಬರೆದ ಬೊಂಬಾಯಿಯ ಅಂಕಿಗಳು ಉಳಿದವು. 2003ರಲ್ಲಿ ಬ್ರೂಸ್ ಸುರುತಾನಿ, ಗುರುಬಕ್ಷ್ ಲಖಿನಾ ಮತ್ತವರ ಸಂಗಡಿಗರು ಆ ಬಿರುಗಾಳಿಯ ತೀವ್ರತೆಯನ್ನು ಲೆಕ್ಕ ಹಾಕಿದ್ದು ಅವುಗಳಿಂದಲೇ.