ಹೊಳೆಬದಿಯ ಮನೆಯ ಲೆಕ್ಕದ ಪುಸ್ತಕ

ಮೇ ತಿಂಗಳ ನಡುವಿನ ದಿನಗಳು. ಮಂಗಳೂರಿನ ಸೆಕೆ ತಡೆಯಲಾಗದೆ, ಮಕ್ಕಳ ಶಾಲೆ ತೆರೆಯುವ ಮೊದಲು ನಾಲ್ಕು ದಿನ ಅಕ್ಕನ ಮನೆಯಲ್ಲಿ ಇದ್ದು ಬರೋಣವೆಂದು ಉಪ್ಪಿನಂಗಡಿಯ ಬಸ್ಸು ಹತ್ತಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ಚಿಂತೆಯಿಲ್ಲ. ಬಿ.ಸಿ.ರೋಡ್, ಪಾಣೆಮಂಗಳೂರು, ಕಲ್ಲಡ್ಕ, ಮಾಣಿ ದಾಟಿದರೆ ಉಪ್ಪಿನಂಗಡಿ. ಅಲ್ಲಿಂದ ಆಟೋದಲ್ಲಿ ಹತ್ತು ನಿಮಿಷ ಹೋದರೆ ಅಡಿಕೆ ತೋಟದ ನಡುವೆ ಅಕ್ಕನ ಹೆಂಚಿನ ಮನೆ.

ಹೋಗುವುದಕ್ಕೆ ಸೆಕೆಯೊಂದೇ ಕಾರಣವಾಗಿರಲಿಲ್ಲ. ದುಬೈಯಲ್ಲಿರುವ ನನ್ನವರು ಕಳೆದ ಒಂದು ವರ್ಷದಿಂದ ಫೋನಿನಲ್ಲಿ ಒಂದೇ ಮಾತು ಹೇಳುತ್ತಿದ್ದಾರೆ: "ಸಾಕು, ಊರಿಗೆ ಬಂದು ಬಿಡುತ್ತೇನೆ. ಇದ್ದುದರಲ್ಲಿ ಹಳ್ಳಿಯಲ್ಲಿ ಬದುಕೋಣ." ಅಕ್ಕ-ಭಾವ ಹೀಗೆ ಬಂದು ವರ್ಷಗಳೇ ಆದವು. ಇದ್ದುದರಲ್ಲಿ ಬದುಕುವುದು ಎಂದರೆ ಏನೆಂದು ಕಣ್ಣಾರೆ ನೋಡಬೇಕಿತ್ತು.

ಬಂದ ಬಗೆ

ಭಾವ ಸೌದಿಯ ದಮ್ಮಾಮಿನಲ್ಲಿ 23 ವರ್ಷ ದುಡಿದವರು. ಅಕ್ಕ ಮತ್ತು ಇಬ್ಬರು ಮಕ್ಕಳೂ ಅಲ್ಲೇ ಇದ್ದರು. 2017ರ ಜುಲೈಯಲ್ಲಿ ಸೌದಿ ಸರಕಾರ ವಿದೇಶಿಯರ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ಅದು ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಗುವುದೆಂದು ಮೊದಲೇ ತಿಳಿದಿತ್ತು. ಮೂವರಿಗೆ ಲೆಕ್ಕ ಹಾಕಿದರೆ ತಿಂಗಳಿಗೆ 1,200 ರಿಯಾಲ್. ಸಂಸಾರವನ್ನು ಊರಿಗೆ ಕಳುಹಿಸಿ ತಾನೊಬ್ಬನೇ ಕೋಣೆಯಲ್ಲಿ ಇರಬೇಕು, ಇಲ್ಲವೇ ಎಲ್ಲರೂ ಹೊರಡಬೇಕು. ಭಾವ ಎರಡನೆಯದನ್ನು ಆರಿಸಿಕೊಂಡರು. 2018ರಲ್ಲಿ ಬಂದಾಗ ಅವರಿಗೆ 49 ವರ್ಷ.

ಅಲ್ಲಿ ವಿದೇಶಿ ಕೆಲಸಗಾರರಿಗೆ ಪಿಂಚಣಿ ಇಲ್ಲ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ, ನಂತರದ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ ಸೇವಾಂತ್ಯದ ಮೊತ್ತವಾಗಿ ಸಿಗುತ್ತದೆ. 23 ವರ್ಷಕ್ಕೆ ಇಪ್ಪತ್ತೂವರೆ ತಿಂಗಳ ಸಂಬಳ. ಅದೂ ಉಳಿತಾಯವೂ ಸೇರಿ ಅವರ ಕೈಯಲ್ಲಿದ್ದುದು 42 ಲಕ್ಷ ರೂಪಾಯಿ. ಕೇಳುವಾಗ ದೊಡ್ಡ ಮೊತ್ತ. ಆದರೆ ಮುಂದೆ ಮೂವತ್ತು ವರ್ಷ ಬದುಕಬೇಕೆಂದರೆ?

"ಸಂಬಂಧಿಕರೆಲ್ಲ ಮೊದಲು ಕೇಳಿದ್ದು, ಮನೆ ಯಾವಾಗ ಕಟ್ಟುತ್ತೀರಿ ಎಂದು" ಅಕ್ಕ ನಗುತ್ತಾ ಹೇಳಿದಳು. ಗಲ್ಫಿನಿಂದ ಬಂದವರು ಪೇಟೆಯಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿ, ಮತ್ತೆ ಸಾಲ ತೀರಿಸಲು ಅದೇ ಗಲ್ಫಿಗೆ ಹೋದದ್ದನ್ನು ನಾವೆಲ್ಲ ನೋಡಿದ್ದೇವೆ. ಇವರು ಕಟ್ಟಲಿಲ್ಲ. ಭಾವನ ಪಾಲಿಗೆ ಬಂದ ಹಳೆಯ ಮನೆ, ಅದರ ಸುತ್ತ ಮುಕ್ಕಾಲು ಎಕರೆ ಅಡಿಕೆ ತೋಟ ಇತ್ತು. ಏಳು ಲಕ್ಷದಲ್ಲಿ ಮಾಡು ಬಿಚ್ಚಿ ಪಕ್ಕಾಸು ಬದಲಿಸಿ ಹೆಂಚು ಹೊದಿಸಿದರು, ಒಳಗೆ ಶೌಚಾಲಯ ಮಾಡಿಸಿದರು, ಬಾವಿಯ ಕೆಸರು ತೆಗೆಸಿ ಪಂಪು ಕೂರಿಸಿದರು. ಹದಿನೆಂಟು ಲಕ್ಷಕ್ಕೆ ಪೇಟೆಯಲ್ಲಿ ಎರಡು ಅಂಗಡಿ ಕೋಣೆ ಕೊಂಡು ಬಾಡಿಗೆಗೆ ಕೊಟ್ಟರು. ಉಳಿದ ಹದಿನೇಳು ಲಕ್ಷವನ್ನು ಮೂರು ಭಾಗ ಮಾಡಿದರು: ಮಕ್ಕಳ ಓದು-ಮದುವೆಗೆ ಐದು, ಆಸ್ಪತ್ರೆಗೆ ನಾಲ್ಕು, ಮನೆಯ ಕೊರತೆ ತುಂಬಿಸಲು ಎಂಟು.

ಇಟ್ಟ ಹಣ ಕರಗುತ್ತದೆ

ಅಂಗಡಿ ಕೋಣೆ ಏಕೆ, ಬ್ಯಾಂಕಿನಲ್ಲಿಟ್ಟರೆ ತಿಂಗಳಿಗೆ ಬಡ್ಡಿ ಬರುತ್ತಿರಲಿಲ್ಲವೇ ಎಂದು ಕೆಲವರು ಕೇಳಿದರಂತೆ. ಬಡ್ಡಿ ತಿನ್ನುವುದಿಲ್ಲ ಎಂದು ನಿರ್ಧರಿಸಿದವರಿಗೆ ಉಳಿತಾಯದ ಮೇಲೆ ಬದುಕುವ ಲೆಕ್ಕವೇ ಬೇರೆ. ನಿಸಾಬ್ ಮೀರಿದ ಹಣದ ಮೇಲೆ ಪ್ರತಿ ಚಾಂದ್ರ ವರ್ಷ ಶೇ. 2.5 ಝಕಾತ್ ಕೊಡಬೇಕು. ಹತ್ತು ಲಕ್ಷವನ್ನು ಮುಟ್ಟದೆ ಹಾಗೆಯೇ ಇಟ್ಟು ಝಕಾತ್ ಮಾತ್ರ ಕೊಡುತ್ತಾ ಹೋದರೂ ಹತ್ತು ವರ್ಷಗಳಲ್ಲಿ ಅದು ಸುಮಾರು 7 ಲಕ್ಷ 76 ಸಾವಿರಕ್ಕೆ ಇಳಿಯುತ್ತದೆ. ಬೆಲೆ ಏರಿಕೆ ಬೇರೆ. ಅನಾಥರ ಸಂಪತ್ತನ್ನು ಝಕಾತ್ ತಿಂದು ಮುಗಿಸದಂತೆ ವ್ಯಾಪಾರದಲ್ಲಿ ತೊಡಗಿಸಿರಿ ಎಂದು ಹಝ್ರತ್ ಉಮರ್(ರ) ಹೇಳಿದ್ದರ ಅರ್ಥ ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ಹಣ ಸುಮ್ಮನೆ ಕೂರಬಾರದು, ದುಡಿಯಬೇಕು.

ಬಾಡಿಗೆಗೆ ಕೊಟ್ಟ ಕಟ್ಟಡದ ಬೆಲೆಗೆ ಝಕಾತ್ ಇಲ್ಲ, ಬಂದ ಬಾಡಿಗೆ ಉಳಿದು ಕೂಡಿದರೆ ಅದಕ್ಕಿದೆ. ಖಾತೆಯಲ್ಲಿ ತಾನಾಗಿ ಬೀಳುವ ಬಡ್ಡಿಯನ್ನು ಭಾವ ವರ್ಷಕ್ಕೊಮ್ಮೆ ಲೆಕ್ಕ ಹಾಕಿ ತೆಗೆದು, ಪುಣ್ಯದ ಆಸೆಯಿಲ್ಲದೆ ಬಡವರಿಗೆ ಕೊಟ್ಟು ಬಿಡುತ್ತಾರೆ. ಝಕಾತ್‌ನ ಪುಟ ಬೇರೆ, ಬಡ್ಡಿಯ ಪುಟ ಬೇರೆ.

ಪುಟ ಎಂದೆನಲ್ಲ, ಅದು ಅಕ್ಕನ ಲೆಕ್ಕದ ಪುಸ್ತಕ. ಅಡುಗೆ ಮನೆಯ ಕಿಟಕಿಯ ಬಳಿ ಉದ್ದನೆಯ ರಟ್ಟಿನ ಪುಸ್ತಕ, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಊರಿಗೆ ಬರಲು ಒಪ್ಪುವ ಮೊದಲೇ ಅವಳು ಮೂರು ಶರತ್ತು ಹಾಕಿದ್ದಳು. ಮನೆಯ ಎಲ್ಲ ಲೆಕ್ಕ ತನಗೂ ಗೊತ್ತಿರಬೇಕು. ತನ್ನ ಮಹ್ರ್‌ನ ಚಿನ್ನ ತನ್ನದೇ, ಅದನ್ನು ಯಾವ ಕಷ್ಟಕ್ಕೂ ಕೇಳಬಾರದು. ಬಟ್ಟೆ ಒಗೆಯುವ ಯಂತ್ರ ಜೊತೆಗೆ ಬರಬೇಕು. "ಮೂರನೆಯದಕ್ಕೆ ಇವರು ನಕ್ಕರು. ಈಗ ನಗುವುದಿಲ್ಲ" ಎಂದಳು.

ತೋಟದ ಊಟ

ನಾನು ಹೋದಾಗ ಮನೆಯಲ್ಲಿ ಮಳೆಗಾಲದ ತಯಾರಿ ನಡೆಯುತ್ತಿತ್ತು. ಅಂಗಳದಲ್ಲಿ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿತ್ತು. ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿ ಕಟ್ಟಿಯಾಗಿತ್ತು. ಬೀಜವನ್ನೂ ಎಸೆಯುವುದಿಲ್ಲ, ಉಪ್ಪು ನೀರಲ್ಲಿ ಬೇಯಿಸಿ ಒಣಗಿಸಿದರೆ ಸಾಂತಾಣಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ತಾಜಾ ಮೀನಿನ ಬೆಲೆ ಕೇಳುವ ಹಾಗಿಲ್ಲ. ಅದಕ್ಕಾಗಿ ಮೇಯಲ್ಲೇ ಒಣಮೀನು ತಂದು ಬಿಸಿಲಿಗೆ ಹಾಕಿ ಡಬ್ಬಿಗೆ ತುಂಬಿಸುತ್ತಾಳೆ.

ಬಸಳೆ ಚಪ್ಪರ, ಹರಿವೆ, ಅಲಸಂಡೆ, ತೊಂಡೆ, ನುಗ್ಗೆ, ಪಪ್ಪಾಯಿ ಮನೆಯ ಸುತ್ತಲೇ ಇವೆ. ಮಳೆ ಬಿದ್ದರೆ ಕೆಸು, ತಜಂಕು ತಾನಾಗಿ ಚಿಗುರುತ್ತವೆ. ತೆಂಗಿನಕಾಯಿ ಮನೆಯದು. ಅಂಗಡಿಯಿಂದ ಕೊಳ್ಳುವುದು ಕುಚ್ಚಲಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಚಹಾ ಪುಡಿ, ವಾರಕ್ಕೆರಡು ಬಾರಿ ಮೀನು, ಶುಕ್ರವಾರ ಕೋಳಿ. ಅಂದು ರಾತ್ರಿ ಪತ್ತಿರಿಯ ಜೊತೆ ಮೊಟ್ಟೆಯ ಸಾರು, ಹುರಿದ ಹಪ್ಪಳ. ಬಡತನದ ಊಟ ಎಂದು ಯಾರೂ ಹೇಳುವ ಹಾಗಿರಲಿಲ್ಲ.

ಆದರೆ ಹಳ್ಳಿಯಲ್ಲಿ ಎಲ್ಲವೂ ಅಗ್ಗ ಎಂದುಕೊಂಡು ಬಂದರೆ ಮೋಸ ಹೋಗುತ್ತೇವೆ. ಮರ ಹತ್ತುವವರ ಕೂಲಿ ವರ್ಷ ವರ್ಷ ಏರುತ್ತದೆ. ಪೇಟೆಗೆ ಹೋಗಲು ಆಟೋ ಬೇಕು. ಮಳೆಗಾಲದಲ್ಲಿ ವಿದ್ಯುತ್ ಹೋದರೆ ಯಾವಾಗ ಬರುವುದೋ ತಿಳಿಯದು, ಇನ್ವರ್ಟರ್ ಇಡಲೇಬೇಕು. 2018ರಲ್ಲಿ ತಿಂಗಳಿಗೆ 13 ಸಾವಿರದಲ್ಲಿ ನಡೆಯುತ್ತಿದ್ದ ಮನೆಗೆ ಈಗ 19 ಸಾವಿರ ಬೇಕು. ಬಾಡಿಗೆ 8 ಸಾವಿರದಿಂದ 10 ಸಾವಿರಕ್ಕಷ್ಟೇ ಏರಿದೆ. ಒಳ್ಳೆಯ ವರ್ಷದಲ್ಲಿ ಅಡಿಕೆಯಿಂದ ಖರ್ಚು ಕಳೆದು 80-90 ಸಾವಿರ ಸಿಗುತ್ತದೆ. ಕೊರತೆ ಬಿದ್ದದ್ದು ಎಂಟು ಲಕ್ಷದ ಆ ಗಂಟಿನಿಂದ ಹೋಗುತ್ತದೆ.

ಪರೀಕ್ಷೆಯ ವರ್ಷಗಳು

ಒಳ್ಳೆಯ ವರ್ಷ ಎಂದೆ. ಅವರು ಬಂದ ಮೊದಲ ವರ್ಷವೇ ಕೆಟ್ಟದಿತ್ತು. 2018ರ ಮಳೆಗೆ ಬಿಡುವೇ ಇರಲಿಲ್ಲ, ಜಿಲ್ಲೆಯ ತೋಟಗಳಲ್ಲೆಲ್ಲ ಕೊಳೆರೋಗ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ, ಮತ್ತೆ ನಲ್ವತ್ತು-ನಲ್ವತ್ತೈದು ದಿನಕ್ಕೆ ಇನ್ನೊಮ್ಮೆ ಅಡಿಕೆ ಗೊನೆಗೆ ಸಿಂಪಡಿಸಬೇಕು. ಎರಡನೇ ಸಿಂಪಡಣೆಗೆ ಬಿಸಿಲೇ ಸಿಗಲಿಲ್ಲ. ಎಳೆ ಅಡಿಕೆ ಉದುರಿ ತೋಟದ ನೆಲವೆಲ್ಲ ಹಸಿರಾಯಿತು. "ಇವರು ಕೊಡೆ ಹಿಡಿದು ಆ ಅಡಿಕೆಯನ್ನು ನೋಡುತ್ತಾ ನಿಂತಿದ್ದರು. ಸೌದಿಯಲ್ಲಿ ಕೆಲಸ ಬಿಟ್ಟ ದಿನವೂ ಇವರ ಮುಖ ಹಾಗಿರಲಿಲ್ಲ" ಎಂದಳು ಅಕ್ಕ.

2020ರ ಲಾಕ್‌ಡೌನಿನಲ್ಲಿ ಅಂಗಡಿಗಳು ಮುಚ್ಚಿದವು. ಬಾಡಿಗೆದಾರರು ಮೂರು ತಿಂಗಳು ಕೊಡಲಾಗದು ಎಂದರು. ಭಾವ ಎರಡು ತಿಂಗಳದ್ದನ್ನು ಪೂರ್ತಿ ಬಿಟ್ಟುಕೊಟ್ಟರು. 2021ರಲ್ಲಿ ಅವರಿಗೇ ಎದೆ ನೋವು. ಮಂಗಳೂರಿನ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಎರಡು ಲಕ್ಷಕ್ಕೆ ಸ್ವಲ್ಪ ಮೇಲೆ ಬಿತ್ತು. ಆಸ್ಪತ್ರೆಗೆಂದು ತೆಗೆದಿಟ್ಟ ಹಣ ಇತ್ತು, ಯಾರ ಮುಂದೆಯೂ ಕೈಚಾಚಬೇಕಾಗಲಿಲ್ಲ.

2022ರಲ್ಲಿ ಮಗಳ ಮದುವೆ. ವರದಕ್ಷಿಣೆ ಕೇಳದ ಮನೆಯನ್ನೇ ಹುಡುಕಿದರು, ಒಂದೂವರೆ ವರ್ಷ ಕಾದರು. ಮಸೀದಿಯಲ್ಲಿ ನಿಕಾಹ್, ಮನೆಯಂಗಳದಲ್ಲಿ ಊಟ. "ಗಲ್ಫಿನಲ್ಲಿ ಇಷ್ಟು ವರ್ಷ ಇದ್ದು ಇಷ್ಟೇನಾ?" ಎಂದು ಕೆಲವರು ಅಂದರು. ಆ ಮಾತು ಅಕ್ಕನ ಕಿವಿಗೂ ಬಿತ್ತು, ಮನಸ್ಸಿಗೂ ತಾಗಿತು. "ಮೂರು ದಿನ ನಿದ್ದೆ ಬರಲಿಲ್ಲ. ಆಮೇಲೆ ಪುಸ್ತಕ ತೆರೆದು ನೋಡಿದೆ. ಸಾಲದ ಪುಟ ಖಾಲಿ ಇತ್ತು. ಅಂದು ನಿದ್ದೆ ಬಂತು."

ಪುಸ್ತಕದಲ್ಲಿ ಬರೆಯದ ಖರ್ಚು

ಎಲ್ಲಕ್ಕಿಂತ ಹೆಚ್ಚು ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ ಒಂದು ಪುಟ. ಮೊದಲ ವರ್ಷ ಭಾವನಿಗೆ ಉಳಿತಾಯದ ಹುಮ್ಮಸ್ಸು. ತೋಟದ ತುಂಬ ಮಡಲು, ಗೆರಟೆ, ಸೌದೆ ಇರುವಾಗ ಗ್ಯಾಸ್ ಏಕೆಂದು ಒಲೆ ಹಾಕಿಸಿದರು. ಸಿಲಿಂಡರ್ ನಾಲ್ಕು ತಿಂಗಳು ಬಂತೆಂದು ಬಂದವರಿಗೆಲ್ಲ ಹೇಳುತ್ತಿದ್ದರು. ಒಲೆಯ ಮುಂದೆ ಬಗ್ಗಿ ಊದುತ್ತಿದ್ದವಳು ಅಕ್ಕ. ಸೌದೆ ಹೊತ್ತವಳು, ಮಸಿ ಹಿಡಿದ ಪಾತ್ರೆ ಉಜ್ಜಿದವಳು, ಮನೆಯ ಹುಳಿ-ಹಪ್ಪಳಕ್ಕೆಲ್ಲ ಬೆವರು ಹರಿಸಿದವಳೂ ಅವಳೇ. ವರ್ಷ ತುಂಬುವಷ್ಟರಲ್ಲಿ ಕೆಮ್ಮು ಹಿಡಿಯಿತು, ಸೊಂಟ ನೆಟ್ಟಗೆ ನಿಲ್ಲದಾಯಿತು.

ಒಂದು ರಾತ್ರಿ ಇಶಾ ನಮಾಝಿನ ನಂತರ ಅವಳು ಪುಸ್ತಕವನ್ನು ಭಾವನ ಮುಂದಿಟ್ಟಳು. ಒಂದು ಪುಟದಲ್ಲಿ ಗ್ಯಾಸಿನಲ್ಲಿ ಉಳಿದ ಹಣ, ಎದುರಿನ ಪುಟದಲ್ಲಿ ವೈದ್ಯರಿಗೆ ಕೊಟ್ಟದ್ದು, ಒಲೆಯ ಮುಂದೆ ದಿನಕ್ಕೆ ಕಳೆದ ಗಂಟೆಗಳು. "ನೋಡಿ, ನಿಮ್ಮ ಉಳಿತಾಯದ ಲೆಕ್ಕದಲ್ಲಿ ನನ್ನ ಬೆನ್ನಿನ ಬೆಲೆ ಬರೆದಿಲ್ಲ" ಎಂದಳಂತೆ.

ಭಾವ ಆ ದಿನ ಏನೂ ಹೇಳಲಿಲ್ಲ. ಮರುದಿನ ಗ್ಯಾಸ್ ಬುಕ್ ಮಾಡಿದರು. ಈಗ ಸೌದೆ ಒಲೆ ಬಚ್ಚಲಿನಲ್ಲಿ ಮಾತ್ರ, ಅದನ್ನು ಉರಿಸುವವರು ಭಾವ. ಮೀನು ಕತ್ತರಿಸುವುದು, ಕಾಯಿ ತುರಿಯುವುದು, ತರಕಾರಿಗೆ ನೀರು ಹಾಕುವುದು ಅವರದೇ. ನಾನು ನೋಡುತ್ತಿದ್ದಂತೆಯೇ ಬಾವಿಕಟ್ಟೆಯ ಬಳಿ ಕುಳಿತು ಬಂಗುಡೆ ಶುಚಿ ಮಾಡುತ್ತಿದ್ದರು. ಪ್ರವಾದಿ(ಸ)ರು ಮನೆಯಲ್ಲಿ ತಮ್ಮ ಪಾದರಕ್ಷೆಯನ್ನು ತಾವೇ ಹೊಲಿಯುತ್ತಿದ್ದರು, ಮನೆಯವರ ಕೆಲಸದಲ್ಲಿ ಕೈಜೋಡಿಸುತ್ತಿದ್ದರು ಎಂದು ಹಝ್ರತ್ ಆಯಿಷಾ(ರ) ತಿಳಿಸಿದ್ದನ್ನು ನಾವು ಪ್ರವಚನಗಳಲ್ಲಿ ಕೇಳುತ್ತೇವೆ. ಗಂಡಸರು ಬೇಗ ನಿವೃತ್ತರಾಗಿ ಮನೆಗೆ ಬಂದಾಗ ಆ ಸುನ್ನತ್ತಿನ ಬೆಲೆ ತಿಳಿಯುತ್ತದೆ. ಅವರಿಗೆ ನಿವೃತ್ತಿ ಬರುತ್ತದೆ, ಅಡುಗೆ ಮನೆಗೆ ಬರುವುದಿಲ್ಲ.

ಹೊಳೆಯ ದಂಡೆಯಲ್ಲಿ

ಹೊರಡುವ ಹಿಂದಿನ ಸಂಜೆ ನಾವಿಬ್ಬರೂ ಹೊಳೆಯ ಕಡೆ ನಡೆದೆವು. ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕುಮಾರಧಾರ ಕೂಡುತ್ತದೆ. 1974ರ ನೆರೆಯನ್ನು ಊರಿನ ಹಿರಿಯರು ಇನ್ನೂ ಮರೆತಿಲ್ಲ. ಆದರೆ ಮೇ ತಿಂಗಳಲ್ಲಿ ನೋಡಿದರೆ ಇದೇ ಹೊಳೆಯೇ ಎನಿಸುವಷ್ಟು ಮರಳು, ಬಂಡೆ. ಈ ಕಡೆಯ ತೋಡುಗಳಿಗೆ ಜನ ಕಿಂಡಿ ಅಣೆಕಟ್ಟು ಕಟ್ಟುತ್ತಾರೆ. ಮಳೆ ನಿಂತು ಹರಿವು ಇಳಿಯುವಾಗ ಹಲಗೆ ಇಳಿಸಿ ನೀರು ನಿಲ್ಲಿಸಬೇಕು, ಮುಂದಿನ ಮಳೆಗೆ ಮೊದಲು ತೆಗೆಯಬೇಕು. ತಡವಾಗಿ ಹಲಗೆ ಹಾಕಿದರೆ ನೀರೇ ಇರುವುದಿಲ್ಲ.

"ಬೇಸಗೆಯಲ್ಲಿ ನಮ್ಮ ಬಾವಿಯೂ ತಳ ಕಾಣುತ್ತದೆ. ಹರಿಯುವ ನದಿಯ ಬಳಿ ಇದ್ದರೂ ವುಝೂವಿನ ನೀರು ಪೋಲು ಮಾಡಬಾರದೆಂದು ಚಿಕ್ಕಂದಿನಲ್ಲಿ ಉಮ್ಮ ಹೇಳುತ್ತಿದ್ದದ್ದು ಇಲ್ಲಿಗೆ ಬಂದ ಮೇಲೆ ಅರ್ಥವಾಯಿತು" ಎಂದಳು ಅಕ್ಕ. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ನಿನ್ನವರು ಬರುತ್ತಾರಂತೆ. ನಿನಗೆ ಮನಸ್ಸಿದೆಯಾ?"

ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಮನೆಯ ಹಣ ಎಷ್ಟಿದೆ, ಎಲ್ಲಿದೆ, ಸಾಲ ಎಷ್ಟು ಎಂಬುದೇ ನನಗೆ ಗೊತ್ತಿಲ್ಲ ಎಂದು ಆ ಕ್ಷಣ ಹೊಳೆಯಿತು. ತಿಂಗಳ ಖರ್ಚು ಕೈಗೆ ಬರುತ್ತದೆ, ಮುಗಿಯುತ್ತದೆ. ನಮ್ಮಲ್ಲಿ ಎಷ್ಟು ಸಹೋದರಿಯರ ಸ್ಥಿತಿ ಹೀಗೆಯೇ ಅಲ್ಲವೇ?

ಮರುದಿನ ಹಪ್ಪಳದ ಕಟ್ಟು, ಎರಡು ತೆಂಗಿನಕಾಯಿ ಚೀಲಕ್ಕೆ ತುರುಕಿ ಅಕ್ಕ ಬಸ್ಸು ಹತ್ತಿಸಿದಳು. ದುಂದು ಮಾಡದ, ಜಿಪುಣತನವನ್ನೂ ತೋರದ, ಇವೆರಡರ ನಡುವೆ ನಡೆಯುವವರನ್ನು ಪವಿತ್ರ ಕುರ್‌ಆನ್ ಪರಮ ದಯಾಮಯನ ದಾಸರ ಸಾಲಿನಲ್ಲಿ ಸೇರಿಸಿದೆ. ಆ ನಡುವಿನ ದಾರಿಯನ್ನು ಗಂಡ ಹೆಂಡತಿ ಒಟ್ಟಿಗೆ ಕುಳಿತು ಹುಡುಕಬೇಕು. ಒಬ್ಬರು ಉಳಿಸಿ ಇನ್ನೊಬ್ಬರು ಸವೆಯುವುದು ಮಿತವ್ಯಯವಲ್ಲ.

ಆ ರಾತ್ರಿ ದುಬೈಯಿಂದ ಫೋನ್ ಬಂದಾಗ ನಾನು ಯಾವಾಗ ಬರುತ್ತೀರಿ ಎಂದು ಕೇಳಲಿಲ್ಲ. "ಒಂದು ಉದ್ದದ ಪುಸ್ತಕ ತಂದಿದ್ದೇನೆ. ನಮ್ಮಲ್ಲಿ ಏನೇನಿದೆ ಹೇಳಿ, ನಾನು ಬರೆದುಕೊಳ್ಳುತ್ತೇನೆ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೊಂದಾಗಿ ಹೇಳತೊಡಗಿದರು.