ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರು

ನಮ್ಮ ಮುಳಬಾಗಿಲು ಸೀಮೆಯಲ್ಲಿ ‘ಇಲಿ ಬಿತ್ತು’ ಅಂದರೆ ಸಾಕು, ದೊಡ್ಡವರು ಗಂಟುಮೂಟೆ ಕಟ್ಟುತ್ತಿದ್ದರು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗು ಬೇರೆ ಕಡೆ ಹಳೇ ಕಥೆಯಾದ ಮೇಲೂ ಇಲ್ಲಿ, ಕೋಲಾರ, ಮಾಲೂರು, ಶ್ರೀನಿವಾಸಪುರದ ಸುತ್ತಮುತ್ತ, ಹೊಲದ ಬಿಲಗಳಲ್ಲಿ ಬೀಡುಬಿಟ್ಟಿತ್ತು. ನನಗೆ ತಗಲಿದ್ದು 1960ರ ದಶಕದ ಆರಂಭದಲ್ಲಿ, ಪ್ರೈಮರಿ ಶಾಲೆಯಲ್ಲಿದ್ದಾಗ.

ರಾಗಿ ಒಕ್ಕಣೆ ಮುಗಿದಿತ್ತು. ಅಟ್ಟದಿಂದ ಇಳಿದ ಇಲಿಯೊಂದು ತೂರಾಡುತ್ತ ಬಂದು ಒಲೆಯ ಮುಂದೆ ಸತ್ತುಬಿತ್ತು. ಆಮೇಲೆ ನನಗೆ ಜ್ವರ, ತಲೆ ಸಿಡಿತ, ತೊಡೆಸಂದಿಯಲ್ಲಿ ನಿಂಬೆಕಾಯಿ ಗಾತ್ರದ ಗಡ್ಡೆ. ಹೊದಿಕೆ ತಾಗಿದರೂ ಕಿರುಚುತ್ತಿದ್ದೆ.

ಅಜ್ಜಿ ಯಾರಿಗೂ ಬಾಯಿಬಿಡಬಾರದೆಂದಳು. “ಸರ್ಕಾರದೋರಿಗೆ ಗೊತ್ತಾದ್ರೆ ಹೆಂಚು ಕೀಳ್ತಾರೆ ಕಣೋ.” ಅವಳು ಹುಡುಗಿಯಾಗಿದ್ದಾಗ ಹಾಗೇ ಆಗಿತ್ತಂತೆ: ಬಿಸಿಲು ಬೀಳಲೆಂದು ಮನೆಯ ಹೆಂಚು ತೆಗೆಸಿದರು, ಬಟ್ಟೆಬರೆ ಸುಟ್ಟರು, ಮಠದಲ್ಲಿ ಓದುತ್ತಿದ್ದ ಅವಳ ತಮ್ಮನನ್ನು ಊರಾಚೆಯ ಶೆಡ್ಡಿಗೆ ಒಯ್ದರು. ಹುಡುಗ ತಿರುಗಿ ಬರಲಿಲ್ಲ. ಅವಳಿಗೆ ರೋಗಕ್ಕಿಂತ ಶೆಡ್ಡಿನ ಭಯವೇ ದೊಡ್ಡದು. ಬೇವಿನ ಸೊಪ್ಪು ಅರೆದು ಕಟ್ಟಿ, ನನ್ನನ್ನು ರಾಗಿ ವಾಡೆಯ ಹಿಂದೆ ಮಲಗಿಸಿದಳು. ಇಲಿಗಳಿಗೂ ಅದೇ ಠಾಣೆ!

ಶಾಲೆಗೆ ಬರಲಿಲ್ಲವೆಂದು ಮೇಷ್ಟ್ರು ಹುಡುಕಿಕೊಂಡು ಬಂದರು. ಅಜ್ಜಿ ಹೊಟ್ಟೆನೋವು ಅಂದಳು. “ಎದ್ದು ನಾಲ್ಕು ಹೆಜ್ಜೆ ನಡಿ ನೋಡೋಣ” ಅಂದರು. ಕಾಲು ಅಗಲಿಸಿ, ಗೋಡೆ ಹಿಡಿದು ನಡೆದೆ. ಅವರು ಚಡ್ಡಿ ಸರಿಸಿ ನೋಡಬೇಕಾಗಿಯೇ ಇರಲಿಲ್ಲ. “ಅಮ್ಮಾ, ಈಗ ಇಂಜೆಕ್ಷನ್ ಬಂದಿದೆ. ಹೆಂಚು ಮುಟ್ಟಕ್ಕೆ ನಾನು ಬಿಡಲ್ಲ” ಎಂದು ಗಾಡಿ ಕಟ್ಟಿಸಿದರು.

ಆ ಗಾಡಿ ದಾರಿಯ ಒಂದೊಂದು ಕುಲುಕೂ ಇವತ್ತಿಗೂ ನೆನಪಿದೆ. ಆಸ್ಪತ್ರೆಯಲ್ಲಿ ಸ್ಟ್ರೆಪ್ಟೋಮೈಸಿನ್ ಚುಚ್ಚಿದರು. ತೀರದ ಬಾಯಾರಿಕೆ, ರಾತ್ರಿಯೆಲ್ಲ ಕನವರಿಕೆ. ಕೊನೆಗೆ ಗಡ್ಡೆ ಒಡೆದು ಕೀವು ಹರಿಯಿತು, ಜ್ವರ ಇಳಿಯಿತು.

ಊರಿಗೆ ಮರಳಿದರೆ ಊರಲ್ಲಿ ಜನವೇ ಇಲ್ಲ. ಎಲ್ಲರೂ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಆರೋಗ್ಯ ಇಲಾಖೆಯವರು ಗೋಡೆಗೆಲ್ಲ ಡಿಡಿಟಿ ಹೊಡೆದು, ಬಿಲಗಳಿಗೆ ಪಂಪಿನಿಂದ ಸಯನೈಡ್ ಪುಡಿ ಊದಿ ಬಾಯಿಗೆ ಮಣ್ಣು ಮೆತ್ತಿದ್ದರು. ಶಾಲೆ ಹೊಂಗೆ ಮರದಡಿ ನಡೆಯುತ್ತಿತ್ತು. ಅಲ್ಲೇ ಮಕ್ಕಳಿಗೆಲ್ಲ ಪ್ಲೇಗಿನ ಲಸಿಕೆ ಹಾಕಿಸಿದ್ದರು. ತೋಳು ಊದಿಕೊಂಡು ಯಾರಿಗೂ ಬಳಪ ಹಿಡಿಯಲಾಗದೆ ಪಾಠ ನಿಂತಿತ್ತಂತೆ. ಸತ್ತ ಇಲಿ ಕಂಡರೆ ಮುಟ್ಟದೆ ಓಡಿಬಂದು ಹೇಳಬೇಕೆಂದು ಮೇಷ್ಟ್ರ ಕಟ್ಟಪ್ಪಣೆ. ಇಲಿಯ ಮೈ ತಣ್ಣಗಾದರೆ ಅದರ ಚಿಗಟಗಳು ಮನುಷ್ಯರ ಮೇಲೆ ಹಾರುತ್ತವೆ. ಸೀಮೆಎಣ್ಣೆ ಸುರಿದು ಸುಡುವ ಕೆಲಸ ದೊಡ್ಡವರದು.

1966ರಲ್ಲಿ ಮುಳಬಾಗಿಲಿನಲ್ಲಿ ಕಂಡದ್ದು, 1994ರವರೆಗೆ, ದೇಶದ ಕೊನೆಯ ಪ್ಲೇಗ್ ಪ್ರಕರಣ ಎನಿಸಿಕೊಂಡಿತ್ತು. ಆ ವರ್ಷ ಸೂರತ್ತಿನ ಪ್ಲೇಗಿನ ಗಲಾಟೆಯಲ್ಲಿ ಪರಿಚಯದ ಯುವ ಡಾಕ್ಟರೊಬ್ಬರು ನನ್ನ ಗಡ್ಡೆಯ ಕಲೆ ನೋಡಲು ಬಂದರು. ಹೇಗೆ ಉಳಿದಿರಿ ಅಂದರು. ಇಂಜೆಕ್ಷನ್ನಿನಿಂದ ಅಂದೆ. ಪಕ್ಕದ ಮನೆಯ ಹುಡುಗಿಯ ವಿಷಯವನ್ನೂ ಹೇಳಿದೆ. ಅವಳನ್ನೂ ನನ್ನ ಹಾಗೇ ಒಳಮನೆಯಲ್ಲಿ ಬಚ್ಚಿಟ್ಟಿದ್ದರು. ಅವಳನ್ನು ಶಾಲೆಗೆ ಸೇರಿಸಿರಲಿಲ್ಲ; ಯಾಕೆ ಬರಲಿಲ್ಲ ಎಂದು ಕೇಳಿಕೊಂಡು ಯಾರೂ ಬರಲಿಲ್ಲ.